ತೊಟ್ಟಿಗೆ ತುಂಬಿದ ನಲ್ಲಿ ನೀರು

ಗುರುವಾರ, ಫೆಬ್ರವರಿ ೮

ಸಿಟ್ಟು ಇನ್ನೂ ಇಳಿದಿಲ್ಲ. ಕೈ ತೊಳೆದ ನೀರನ್ನು ಮರಳು, ಇದ್ದಿಲಿನಲ್ಲಿ ಸೋಸಿ ತೋಟಕ್ಕೆ ಬಿಡುವ ನಮ್ಮ ಏಳನೇ ತರಗತಿ ಮಕ್ಕಳ ತೊಟ್ಟಿಗೆ ಹೊರದೇಶದ ಪ್ರಶಸ್ತಿ ಬಂದಿದೆ. ಕೊಟ್ಟವರು ಇವತ್ತು ಅದನ್ನು ನೋಡಲು ಬರುವವರಿದ್ದರು. ಬೆಳಿಗ್ಗೆಯೇ ಹೆಡ್‌ಮಿಸ್ ತೊಟ್ಟಿಯೊಳಗೆ ಇಣುಕಿ ಮುಖ ಸಿಂಡರಿಸಿದರು.

"ನೀರು ಮಬ್ಬಾಗಿದೆಯಲ್ರೀ. ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ. ಚೆಲ್ಲಿಬಿಟ್ಟು ನಲ್ಲಿ ನೀರು ತುಂಬಿಸಿ."

ಗಿಡಕ್ಕೆ ಇಷ್ಟು ಸಾಕು ಮೇಡಂ ಅಂದೆ. ಅವರು ಆಗಲೇ ಹೂಕುಂಡಗಳ ಕಡೆ ಹೋಗಿದ್ದರು. ಮಕ್ಕಳು ತಿಂಗಳುಗಟ್ಟಲೆ ಕಲಿತು ಸೋಸಿದ ನೀರು ಚರಂಡಿ ಪಾಲಾಯಿತು. ಬಕೆಟ್ ಹೊತ್ತವಳು ನಾನೇ.

ಬಂದವರು ತಿಳಿನೀರಿನಲ್ಲಿ ಬೆರಳಾಡಿಸಿ ಭೇಷ್ ಅಂದರು. ಇದ್ದಿಲು ತೊಳೆದೂ ತೊಳೆದೂ ಅಂಗೈ ಕಪ್ಪು ಮಾಡಿಕೊಂಡಿದ್ದ ಹುಡುಗಿ, ಎಲ್ಲರೂ ಗುಬ್ಬಿ ಅನ್ನುವವಳು, ಚಪ್ಪಾಳೆ ತಟ್ಟಲಿಲ್ಲ.

ಮನೆಗೆ ಬಂದರೆ ಅತ್ತೆ ಫೋನಿನಲ್ಲಿ ಫೋಟೋ ನೋಡುತ್ತಿದ್ದರು. "ಎಷ್ಟು ತಿಳಿಯಾಗಿದೆಯಮ್ಮ, ಕುಡಿಯೋ ಹಾಗಿದೆ." ಅದು ಕುಡಿಯೋ ನೀರೇ, ನಲ್ಲಿಯದು. ನಾನು ಕೈ ತೊಳೆಯಲು ಬಚ್ಚಲಿಗೆ ಹೋದೆ.

ಶಾಲೆ ಬಿಟ್ಟಾಗ ಗೇಟಿನ ಹತ್ತಿರ ಗುಬ್ಬಿ ಕೇಳಿದ್ದು ಕಿವಿಯಲ್ಲೇ ಕೂತಿದೆ. "ಮಿಸ್, ನಮ್ಮ ನೀರು ಚೆನ್ನಾಗಿಲ್ಲ ಅಂದ್ಮೇಲೆ ನಮಗ್ಯಾಕೆ ಪ್ರಶಸ್ತಿ ಬಂತು?"

ನಾಳೆ ಮೊದಲ ಪಿರಿಯಡ್ಡೇ ಅವಳ ಕ್ಲಾಸು.