ಬಂಡಿ ಕೇಳಿದರೆ ಬಳೆಗಾರ ಬಾವಿ ಎನ್ನಿ

ಜೋಡಿನಗರ
ಚೈತ್ರದ ನಲವತ್ತೊಂದನೆಯ ದಿನ, ಇಸವಿ 2187

ಹಿಂದಿನ ಕಾಲದವರಿಗೆ ನಮಸ್ಕಾರ.

ತಾರೀಖು ನೋಡಿ ಬೆಚ್ಚಬೇಡಿ. ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಬೇಸಗೆ ಮುಗಿಯುವುದನ್ನೇ ಬಿಟ್ಟಿತಂತೆ. ತಿಂಗಳು ಮುಗಿದರೂ ಬಿಸಿಲು ಮುಗಿಯದಿದ್ದಾಗ ತಿಂಗಳನ್ನೇ ಎಳೆದು ಉದ್ದ ಮಾಡಿದರು. ನನ್ನ ಬರಹದಲ್ಲಿ ನಿಮಗೆ ಗೊತ್ತಿಲ್ಲದ ಮಾತುಗಳು ಬರುತ್ತವೆ, ಬಂದ ಕಡೆ ಬಿಡಿಸಿ ಹೇಳುತ್ತೇನೆ. ನಾನು ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ದೊಡ್ಡವರಿಗೆ ಬರೆದು ರೂಢಿಯಿಲ್ಲ. ತಪ್ಪಿದ್ದಲ್ಲಿ ನೀವೇ ತಿದ್ದಿಕೊಂಡು ಓದಿ.

ಬರುವ ಮಳೆಗಾಲದಿಂದ ನಿಮ್ಮ ಕಾಲದ ಜನ ನಮ್ಮ ಊರು ನೋಡಲು ಬರುತ್ತಾರೆಂದು ಸಂಚಾರ ಮನೆಯವರು ಸಾರಿದ್ದಾರೆ. ಸಂಚಾರ ಮನೆ ಎಂದರೆ ಊರಿನ ದಾರಿಗಳನ್ನೂ ಬಂಡಿಗಳನ್ನೂ ನೋಡಿಕೊಳ್ಳುವ ಕಚೇರಿ. ಬರುವವರಿಗೆ ಬುದ್ಧಿಮಾತು ಬರೆದು ಹಾಕಿರೆಂದು ಅಲ್ಲಲ್ಲಿ ಪೆಟ್ಟಿಗೆಗಳನ್ನೂ ಇಟ್ಟಿದ್ದಾರೆ. ನಮ್ಮ ಓಣಿಯಲ್ಲಿ ಇದನ್ನು ಒಬ್ಬರೂ ನಂಬಿಲ್ಲ. ನನ್ನನ್ನು ಸಾಕಿದ ಚಿಗವ್ವ ಫಕೀರವ್ವ, "ಸತ್ತವ್ರನ್ನ ಬೀಗರಂಗ ಕರಸ್ತಾರಂತ! ಬರ್ಲಿ ಬಿಡು. ಎಷ್ಟು ಮಂದಿಗೆ ರೊಟ್ಟಿ ಬಡೀಬೇಕು, ಅದನ್ನ ಮೊದ್ಲ ಹೇಳ್ರಿ ಅನ್ನು" ಎಂದಳು. ನನಗೂ ಅನುಮಾನವೇ. ಈ ಪತ್ರ ನಿಮ್ಮ ಕೈ ಸೇರುವ ಮೊದಲು ಯಾರಾರು ಓದುತ್ತಾರೋ ತಿಳಿಯದು. ಕೊನೆಯಲ್ಲಿ ನನ್ನ ಹೆಸರು ಬರೆಯಬೇಕೋ ಬೇಡವೋ ಎಂದು ಇನ್ನೂ ಯೋಚಿಸುತ್ತಿದ್ದೇನೆ. ಆದರೂ ಬರೆಯಲು ಕೂತದ್ದು ಯಾಕೆಂದರೆ, ಚಿಗವ್ವನ ಖಾನಾವಳಿ ಮುಚ್ಚುವ ಹಂತಕ್ಕೆ ಬಂದಿದೆ. ಅದು ಉಳಿಯಬೇಕಾದರೆ ನಮ್ಮ ಓಣಿಯವರಲ್ಲದ ಯಾರಾದರೂ ಬಾಯಿ ಬಿಡಬೇಕು. ಅದನ್ನು ಹೇಳುವ ಮೊದಲು ಊರಿನಲ್ಲಿ ಓಡಾಡುವ ಬಗೆ ಹೇಳುತ್ತೇನೆ. ಇಲ್ಲದಿದ್ದರೆ ನೀವು ನಮ್ಮ ಓಣಿಯವರೆಗೆ ಬಂದು ಮುಟ್ಟುವುದೇ ಇಲ್ಲ.

ನಿಮ್ಮ ಕಾಲದಲ್ಲಿ ಹುಬ್ಬಳ್ಳಿ ಬೇರೆ, ಧಾರವಾಡ ಬೇರೆ ಇದ್ದು ನಡುವೆ ಬಯಲು ಇತ್ತಂತೆ. ಈಗ ಬಯಲಿಲ್ಲ, ಒಂದೇ ಊರು. ಎತ್ತ ನಡೆದರೂ ಮತ್ತೆ ಊರೇ. ಬೆಳಿಗ್ಗೆ ಬೇಗ ಹೊರಡಿ. ಹೊತ್ತು ಏರಿದ ಮೇಲೆ ಬಿಸಿಲಗಂಟೆ ಹೊಡೆಯುತ್ತದೆ. ಆಮೇಲೆ ಬಯಲಿನಲ್ಲಿ ನಡೆಯುವಂತಿಲ್ಲ, ನೆರಳುದಾರಿಯಲ್ಲೇ ನಡೆಯಬೇಕು. ನೆರಳುದಾರಿ ಎಂದರೆ ಮೇಲೆ ಚಾಪೆಯಂಥ ಹೊದಿಕೆ ಹಾಕಿದ ಓಣಿ. ಅದರೊಳಗೆ ತಂಪಿದೆ, ಆದರೆ ಕಳ್ಳರ ತಂಪು. ಹೊದಿಕೆ ಹರಿದ ಕಡೆ ಕೊಡೆ ಹಿಡಿದವರು ಎದುರು ಬಂದು, "ಬರ್ರಿ, ನಮ್ಮ ನೆಳ್ಳಾಗ ಬರ್ರಿ" ಎಂದು ಕರೆಯುತ್ತಾರೆ. ಹೋಗಬೇಡಿ. ಆ ನೆರಳು ನೆಟ್ಟಗೆ ಅವರ ಮೈದುನನ ಅಂಗಡಿಗೆ ಹೋಗಿ ನಿಲ್ಲುತ್ತದೆ. ಗೋಡೆಯ ಮೇಲಿನ ಬಾಣದ ಗುರುತು ನೋಡಿಯೂ ನಡೆಯಬೇಡಿ, ಅಂಗಡಿಯವರು ರಾತ್ರೋರಾತ್ರಿ ತಿರುಗಿಸುತ್ತಾರೆ. ದಾರಿ ಕೇಳಲೇಬೇಕಾದರೆ ಕುಳಿತವರನ್ನು ಕೇಳಿ. ಕುಳಿತಲ್ಲಿಂದ ಏಳದೆ ಗದ್ದ ಎತ್ತಿ ತೋರಿಸಿದವನನ್ನು ನಂಬಬಹುದು. ಎದ್ದು ಬಂದು ಕೈಹಿಡಿದು ತೋರಿಸುವವನಿಗೆ ನಿಮ್ಮ ಹತ್ತಿರ ಏನೋ ಕೆಲಸವಿದೆ. ಕುಡಿಯುವ ನೀರು ಮನೆಯಿಂದಲೇ ತನ್ನಿ. ತೆರೆದ ಬಾಟಲಿಯ ನೀರನ್ನು ಅಳಿಯ ಕೊಟ್ಟರೂ ಕುಡಿಯಬೇಡಿ.

ಇನ್ನು ದೂರ ಹೋಗಲು ಕೇಳುಬಂಡಿಗಳಿವೆ. ಅದಕ್ಕೆ ಚಾಲಕ ಇಲ್ಲ, ಕಂಡಕ್ಟರ್ ಇಲ್ಲ. ಹತ್ತಿ ಕುಳಿತ ಪ್ರತಿಯೊಬ್ಬರನ್ನೂ ಬಂಡಿಯೇ, "ಎಲ್ಲಿಗೆ?" ಎಂದು ಕೇಳುತ್ತದೆ, ಅದಕ್ಕೇ ಆ ಹೆಸರು. ಎಲ್ಲರೂ ಹೇಳಿದ ಮೇಲೆ ಹೊರಡುತ್ತದೆ. ಹೇಳಿದ ನಿಲ್ದಾಣದಲ್ಲಿ ಮಾತ್ರ ನಿಲ್ಲುತ್ತದೆ, ಉಳಿದ ಕಡೆ ಬಾಗಿಲು ಬಡಿದರೂ ನಿಲ್ಲದು. ಕೇಳಲು ಸುಲಭ ಅನ್ನಿಸುತ್ತದೆ ಅಲ್ಲವೇ? ನಮಗೆ ಹಾಗಲ್ಲ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ಕೇಳಲೇಬೇಕಾದರೆ, "ದೂರ ಹೊಂಟೀರೇನು?" ಎನ್ನಬೇಕು. ಹೋಗುವವರು, "ಹೂಂ, ಇಲ್ಲೇ" ಎನ್ನಬೇಕು. ಇದು ನಿಮ್ಮ ಕಾಲದಲ್ಲೂ ಇತ್ತೆಂದು ಹಿರಿಯರು ಹೇಳುತ್ತಾರೆ. ಇಷ್ಟೆಲ್ಲ ಬದಲಾಗಿ ಇದೊಂದು ಉಳಿದಿದೆ.

ಅದರ ಮೇಲೆ ಕಥೆಗಳು ಬೇರೆ. ನಮ್ಮ ಓಣಿಯಲ್ಲಿ ಕೊಡೆ ರಿಪೇರಿ ಮಾಡುವ ದಾವಲ್ ಕಾಕಾ ಹೇಳುವಂತೆ, ಯಾರೋ ಒಬ್ಬ ಹುಡುಗ ಹೆಣ್ಣು ನೋಡಲು ಹೊರಟವನು ಬಂಡಿಗೆ ನಿಜ ಹೇಳಿದನಂತೆ. ಅವನು ಅಲ್ಲಿ ಮುಟ್ಟುವುದರೊಳಗೆ ಇನ್ನೊಬ್ಬ ವರ ಹೆಣ್ಣಿನ ಮನೆಯಲ್ಲಿ ಕುಳಿತು ಉಪ್ಪಿಟ್ಟು ತಿನ್ನುತ್ತಿದ್ದನಂತೆ. "ಬಂಡಿ ಹೇಳ್ದ ಮ್ಯಾಲ ಅಂವಗ ಗೊತ್ತಾತು. ಇಲ್ಲಂದ್ರ ಹೆಂಗ ಗೊತ್ತಾಗ್ತದ?" ಎನ್ನುತ್ತಾನೆ ಕಾಕಾ. ಆ ಹುಡುಗನ ಹೆಸರು ಕೇಳಿದರೆ, "ಹೆಸರ್ ಯಾಕ ನಿನಗ? ನೀ ಬಂಡಿ ಕಡೆಯಾಕಿ ಏನು?" ಎಂದು ಕಣ್ಣು ಕೆಂಪಗೆ ಮಾಡುತ್ತಾನೆ. ಸುಳ್ಳೋ ನಿಜವೋ. ಆದರೆ ಬಂಡಿ ಎಲ್ಲರ ಮುಖ ನೆನಪಿಡುತ್ತದೆ ಎನ್ನುವುದು ನಿಜ. ಅದಕ್ಕೇ ನಾವು ಯಾರೂ ಬಂಡಿಗೆ ಇಳಿಯುವ ಜಾಗದ ಹೆಸರು ಹೇಳುವುದಿಲ್ಲ. ಒಂದು ನಿಲ್ದಾಣ ಹಿಂದಿನದೋ ಮುಂದಿನದೋ ಹೇಳಿ, ಅಲ್ಲಿ ಇಳಿದು ನಡೆದು ಬರುತ್ತೇವೆ. ತಾಯಂದಿರು ಮಕ್ಕಳಿಗೆ ಮೊದಲು ಕಲಿಸುವ ಪಾಠವೇ ಅದು. ನಮ್ಮ ಓಣಿಯವರೆಲ್ಲ, "ಉಣಕಲ್ ದಂಡೆ" ಎನ್ನುತ್ತೇವೆ.

ನಮ್ಮ ನಿಲ್ದಾಣದ ಹೆಸರು ಬಳೆಗಾರ ಬಾವಿ. ಬಾವಿ ಯಾವಾಗಲೋ ಮುಚ್ಚಿದೆ, ಕಲ್ಲಿನ ಕಟ್ಟೆ ಇದೆ. ಆ ಕಟ್ಟೆಗೆ ಹತ್ತಿಕೊಂಡೇ ಚಿಗವ್ವನ ಖಾನಾವಳಿ. ಜೋಳದ ರೊಟ್ಟಿ, ಝುಣಕ, ಒಂದು ಪಲ್ಯ, ಶೇಂಗಾ ಚಟ್ನಿ, ಮೇಲೆ ಮಜ್ಜಿಗೆ. ಕೆಲಸಗಾರರೆಲ್ಲ ನಡೆದು ಬಂದು ಉಂಡು ನಡೆದು ಹೋಗುತ್ತಾರೆ. ಚಿಗವ್ವನ ಎರಡೂ ಮೊಣಕಾಲು ಹಿಡಿದಿವೆ. ಒಲೆಯಿಂದ ಕಟ್ಟೆಯವರೆಗೆ ಹೋಗುವುದೇ ಅವಳ ಸಂಚಾರ. ಇನ್ನೊಂದು ಕಡೆ ಖಾನಾವಳಿ ಹೂಡುವ ಶಕ್ತಿ ಅವಳಿಗಿಲ್ಲ.

ಹೋದ ವಾರದಿಂದ ಬಂಡಿಗಳು ಆ ದಾರಿಯಲ್ಲಿ ಹೋಗುವಾಗ ಒಂದು ಮಾತು ಸಾರುತ್ತಿವೆ: "ಬಳೆಗಾರ ಬಾವಿಯಲ್ಲಿ ಯಾರೂ ಇಳಿಯುವುದಿಲ್ಲ. ಮೃಗಶಿರ ಮಳೆ ಬರುವುದರೊಳಗೆ ಜನ ಇಳಿಯದಿದ್ದರೆ ಈ ದಾರಿಯನ್ನು ಸರಕಿನ ಬಂಡಿಗಳಿಗೆ ಬಿಡಲಾಗುವುದು." ಸರಕಿನ ದಾರಿಗೆ ಎರಡೂ ಕಡೆ ಎತ್ತರದ ಗೋಡೆ ಕಟ್ಟುತ್ತಾರೆ. ಆಮೇಲೆ ನಡೆದು ಬರಲೂ ಆಗುವುದಿಲ್ಲ. ಕೇಳಿದ ದಿನ ಓಣಿಯೆಲ್ಲ ಕಟ್ಟೆಯ ಮೇಲೆ ಸೇರಿತು.

"ದಿನಾ ನೂರು ಮಂದಿ ಉಣ್ಣಾಕ ಬರ್ತಾರ. ಯಾರೂ ಇಳಿಯೂದಿಲ್ಲ ಅಂದ್ರ ಅವ್ರೆಲ್ಲ ಮುಗಿಲಿಂದ ಬೀಳ್ತಾರೇನು?" ಎಂದು ಹೂ ಮಾರುವ ಶಂಕ್ರವ್ವ ಸಿಟ್ಟಾದಳು.

"ನೀ ಬಂಡಿಗೆ ಏನಂತ ಹೇಳ್ತೀ?" ಎಂದ ದಾವಲ್ ಕಾಕಾ.

"ಉಣಕಲ್ ದಂಡಿ ಅಂತೀನಿ. ನೀ ಏನಂತೀ?"

ಕಾಕಾ ತಲೆ ತಗ್ಗಿಸಿ ಕೊಡೆಯ ಕಡ್ಡಿ ನೆಟ್ಟಗೆ ಮಾಡತೊಡಗಿದ. ಆಗ ನಮಗೆಲ್ಲ ಒಟ್ಟಿಗೇ ಹೊಳೆಯಿತು. ನಮ್ಮನ್ನು ಕಾಯಲಿ ಎಂದು ಮುಚ್ಚಿಟ್ಟ ಹೆಸರನ್ನು ಬಂಡಿ ಒಮ್ಮೆಯೂ ಕೇಳಿಯೇ ಇರಲಿಲ್ಲ. ಅದರ ಲೆಕ್ಕದಲ್ಲಿ ನಾವು ಇಲ್ಲವೇ ಇಲ್ಲ.

ನಾಳೆಯಿಂದ ಎಲ್ಲರೂ ಹೆಸರು ಹೇಳುವುದೆಂದು ಬಾವಿ ಕಟ್ಟೆ ಮುಟ್ಟಿ ಒಪ್ಪಿದರು. ಮರುದಿನ ಸಂಜೆ ಎಲ್ಲರೂ ಉಣಕಲ್ ದಂಡೆಯಿಂದಲೇ ಬೆವರು ಒರೆಸುತ್ತ ನಡೆದು ಬಂದರು. "ಹೇಳಾಂವನ ಇದ್ದೆ, ಬಾಜೂಕ ಹೊಸಬ ಕುಂತಿದ್ದ" ಎಂದ ಕಾಕಾ. "ನೀವೆಲ್ಲಾ ಹೇಳಿರ್ತೀರಿ ಅಂತ ನಾ ಬಿಟ್ಟೆ" ಎಂದಳು ಶಂಕ್ರವ್ವ. ಚಿಗವ್ವ ಮಾತ್ರ ಬೈಯಲಿಲ್ಲ. "ಹುಟ್ಟಿದಾಗಿಂದ ರೂಢಿಬಿದ್ದ ನಾಲಗಿ, ಒಂದ ದಿನದಾಗ ತಿರುಗತೈತೇನು? ಉಣ್ರಿ, ತಣ್ಣಗಾಗ್ತದ" ಎಂದು ರೊಟ್ಟಿ ಹಾಕಿದಳು. ಯಾವಾಗಲೂ ತೆಳ್ಳಗೆ ತಟ್ಟುವ ಅವಳ ರೊಟ್ಟಿಗಳೆಲ್ಲ ಅಂದು ದಪ್ಪ ಇದ್ದವು.

ನಾಲ್ಕು ಜನರ ಮುಂದೆ ನನಗೆ ದನಿ ಏಳುವುದಿಲ್ಲ. ಆದರೂ ಮರುದಿನ ಪೇಟೆಯಿಂದ ಬರುವಾಗ ಗುರುತಿನವರಿಲ್ಲದ ಬಂಡಿ ನೋಡಿ ಹತ್ತಿದೆ. ಅದು, "ಎಲ್ಲಿಗೆ?" ಎಂದಿತು. ಹೇಳಿದೆ. "ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ" ಎಂದಿತು. ಬಂಡಿಯ ತುಂಬ ಜನ ತಿರುಗಿ ನೋಡಿದರು. ಒಬ್ಬಳು ಮಡಿಲಿನ ಮಗುವಿನ ಕಿವಿಯನ್ನು ಕೈಯಿಂದ ಮುಚ್ಚಿದಳು. ನನ್ನ ಬಾಯಿಂದ ತಾನಾಗಿ ಉಣಕಲ್ ದಂಡೆ ಬರುವುದರಲ್ಲಿತ್ತು. ಚಿಗವ್ವನ ದಪ್ಪ ರೊಟ್ಟಿ ನೆನಪಾಯಿತು. ಕಣ್ಣು ಮುಚ್ಚಿ, "ಬಳೆಗಾರ ಬಾವಿ!" ಎಂದು ಕೂಗಿಬಿಟ್ಟೆ. ಏನೂ ಆಗಲಿಲ್ಲ. ಬಂಡಿ ಹೊರಟಿತು.

ಅದು ನಮ್ಮ ಕಟ್ಟೆಯ ಮುಂದೆ ನಿಂತಾಗ ಚಿಗವ್ವ ಹಿಟ್ಟಿನ ಕೈಯಲ್ಲೇ ಗೋಡೆ ಹಿಡಿದು ಹೊರಗೆ ಬಂದಳು. ಅವಳು ಖಾನಾವಳಿ ಹೂಡಿದಾಗಿನಿಂದ ಅಲ್ಲಿ ಬಂಡಿ ನಿಂತದ್ದನ್ನು ಕಂಡಿರಲಿಲ್ಲ. "ಯಾರ್ ಸತ್ರವ್ವಾ?" ಎಂದು ಕೂಗಿದಳು. ಬಾಗಿಲು ತೆರೆದು ನಾನು ಇಳಿದೆ. ನನ್ನ ಮುಖ ನೋಡಿದಳು, ಬಂಡಿ ನೋಡಿದಳು. "ಸೀದಾ ಮನಿ ಮುಂದ ಇಳಿದೀ? ಸಾವ್ಕಾರ್ತಿ ಹಂಗ!" ಎಂದು ನಕ್ಕಳು. ಆಮೇಲೆ ಓಣಿಯ ಎರಡೂ ಕಡೆ ನೋಡಿ, "ಯಾರಿಗೂ ಹೇಳಬ್ಯಾಡ" ಎಂದಳು.

ಅಂದಿನಿಂದ ಬಂಡಿಗಳು ಸಾರುವ ಮಾತು ಬದಲಾಗಿದೆ. "ಬಳೆಗಾರ ಬಾವಿಯಲ್ಲಿ ಒಬ್ಬರು ಇಳಿಯುತ್ತಾರೆ" ಎನ್ನುತ್ತಿವೆ. ಓಣಿಯವರಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಆದರೆ ಕಟ್ಟೆಯ ಮೇಲೆ ಈಗ ಒಂದೇ ಮಾತು: ಆ ಒಬ್ಬರು ಯಾರು? ಬಂಡಿಯ ಜೊತೆ ನಂಟು ಬೆಳೆಸಿದವರು ಯಾರು? ದಾವಲ್ ಕಾಕಾ ಶಂಕ್ರವ್ವನನ್ನು ನೋಡುತ್ತಾನೆ, ಶಂಕ್ರವ್ವ ಕಾಕಾನನ್ನು ನೋಡುತ್ತಾಳೆ. ನಾನು ತಲೆ ತಗ್ಗಿಸಿ ಮಜ್ಜಿಗೆ ಬಡಿಸುತ್ತೇನೆ. ಚಿಗವ್ವ ಬಾಯಿ ಬಿಡುವುದಿಲ್ಲ. ನಾನು ದಿನವೂ ಕಟ್ಟೆ ಖಾಲಿ ಇರುವ ಹೊತ್ತು ನೋಡಿ ಅಲ್ಲೇ ಇಳಿಯುತ್ತೇನೆ, ಆದರೆ ಬಂಡಿ ಮುಖ ಗುರುತು ಹಿಡಿಯುತ್ತದಲ್ಲ, ಅದಕ್ಕೆ ನಾನು ಎಷ್ಟು ದಿನ ಇಳಿದರೂ ಒಬ್ಬಳೇ. ಒಬ್ಬಳಿಗಾಗಿ ದಾರಿ ಉಳಿಸುವವರು ಯಾರೂ ಇಲ್ಲ.

ನೀವು ಬರುವುದು ನಿಜವೇ ಆದರೆ, ಮಳೆಗಾಲದವರೆಗೆ ಕಾಯದೆ ಮೃಗಶಿರಕ್ಕೆ ಮೊದಲೇ ಬನ್ನಿ. ಬಂಡಿಗೆ ಸುಳ್ಳು ಹೇಳುವ ನಮ್ಮ ರೂಢಿ ನಿಮ್ಮ ನಾಲಗೆಗೆ ಹತ್ತಿಲ್ಲ. ನಿಮ್ಮ ಮೇಲೆ ಓಣಿಯವರು ಅನುಮಾನ ಪಟ್ಟರೂ ನಿಮಗೇನೂ ತಟ್ಟದು, ತಿರುಗಿ ನಿಮ್ಮ ಕಾಲಕ್ಕೆ ಹೋಗುವವರು ನೀವು. ಇಬ್ಬರಾದರೆ ಮೂರನೆಯವರಿಗೆ ಬಾಯಿ ಬರಬಹುದು. ಕೊಡೆಯವರನ್ನು ನಂಬಬೇಡಿ, ಬಾಣಗಳನ್ನು ನಂಬಬೇಡಿ, ನೀರನ್ನು ನಂಬಬೇಡಿ. ಬಂಡಿಯನ್ನೂ ಪೂರ್ತಿ ನಂಬಿ ಎಂದು ನಾನು ಹೇಳಲಾರೆ, ಅದು ನಾಳೆ ಏನು ಮಾಡುತ್ತದೋ ನನಗೆ ಗೊತ್ತಿಲ್ಲ. ಆದರೂ ಅದು ಕೇಳಿದಾಗ ಗಟ್ಟಿಯಾಗಿ ನಮ್ಮ ನಿಲ್ದಾಣದ ಹೆಸರು ಹೇಳಿ. ಇಳಿದ ಕೂಡಲೇ ಬಲಕ್ಕೆ ಹೊಗೆ ಕಾಣುತ್ತದೆ. ರೊಟ್ಟಿ ಬಿಸಿ ಇರುತ್ತದೆ.

ನೀವು ಎಲ್ಲೆಲ್ಲಿಗೆ ಹೋಗುತ್ತೀರೆಂದು ನಾನು ಕೇಳುವುದಿಲ್ಲ. ದೂರ ಹೊರಟಿದ್ದೀರಿ, ಸುಖವಾಗಿ ಬನ್ನಿ.

ಇಷ್ಟು ಬರೆದು, ಹೆಸರಿಲ್ಲದೆ ಮಡಚಿದ್ದೆ. ನಿಲ್ದಾಣದ ಹೆಸರು ಹೇಳಿ ಎಂದು ನಿಮ್ಮನ್ನು ಕೇಳಿಕೊಂಡು ನನ್ನ ಹೆಸರು ಮುಚ್ಚಿಡುವುದು ಸರಿ ಕಾಣಲಿಲ್ಲ. ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ.

ನೀಲಗಂಗಾ,
ಬಳೆಗಾರ ಬಾವಿಯಲ್ಲಿ ಇಳಿಯುವ ಆ ಒಬ್ಬಳು