ಒಲೆಯ ಪಕ್ಕದ ಹಲಗೆ

ಬಸವನ ಬಾಗೇವಾಡಿ
ಜನವರಿ 13, 2025

ಪ್ರೀತಿಯ ಸೊಸೆ ನಿಷತಳಿಗೆ ಅತ್ತೆ ಸೈದಾಬಿಯ ಸಲಾಂ ಮತ್ತು ದುವಾ.

ಹೇಗಿದ್ದೀಯ? ಸಿಂದಗಿಯ ಚಳಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೇ? ನಿನ್ನ ಅಮ್ಮಿಯ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ನನ್ನ ಮೊಣಕಾಲು ಎಂದಿನಂತೆಯೇ. ಮಂಚದಿಂದ ಮಾತ್ರ ನಾನಾಗಿ ಏಳುತ್ತೇನೆ, ಬೇರೆಲ್ಲಿ ಕೂತರೂ ಯಾರಾದರೂ ಕೈ ಕೊಡಬೇಕು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನನ್ನ ನಾಲಿಗೆ ನನಗಿಂತ ಮುಂದೆ ಓಡುತ್ತದೆ. ಹಾಗೆ ಓಡಿದ್ದಕ್ಕೇ ನೀನು ತವರಿಗೆ ಹೋಗಿ ಇಪ್ಪತ್ತೆರಡು ದಿನವಾಯಿತು.

ನಿನ್ನ ಗಂಡ ಇಜಾಜನ ಮೂರು ಗಾಲಿಯ ಟಂಟಂ ಗಾಡಿಯ ಹಿಂದೆ ಕೆಂಡದ ಒಲೆ ಕೂರಿಸಿ, ಆಲಮಟ್ಟಿ ಡ್ಯಾಮ್ ನೋಡಲು ಬರುವವರಿಗೆ ಮೀನು, ಗೊಂಜಾಳದ ತೆನೆ ಸುಟ್ಟು ಕೊಡುತ್ತೇನೆ ಅಂತ ನೀನು ಹೇಳಿದಾಗ, "ಗಾಡಿಗೆ ಯಾರರ ಒಲಿ ಕಟ್ತಾರೇನ? ಮನಿ ಸೊಸಿ ರಸ್ತಾದಾಗ ನಿಂತು ಹೊಗಿ ಎಬ್ಬಸ್ತಾಳಂತ" ಅಂದೆ. ಅನ್ನಬಾರದಿತ್ತು. ನೀನು ಹೋದ ಮೇಲೆ ದಿಂಬಿನ ಕೆಳಗೆ ಮದುವೆ ಕಾರ್ಡಿನ ಹಿಂದೆ ನೀನು ಬರೆದ ಆ ಒಲೆಯ ಚಿತ್ರ ಸಿಕ್ಕಿತು. ಒಲೆಗೆ ಹಾಕಬೇಕು ಅಂತಲೇ ತೆಗೆದೆ. ಆದರೆ ಬ್ಯಾರಲ್ಲಿನ ತಳಕ್ಕೆ ತೂತು ಯಾಕೆ? ಗಾಡಿಯಿಂದ ಒಂದು ಗೇಣು ದೂರ ಯಾಕೆ? ತಲೆಯಲ್ಲಿ ಹುಳ ಹೊಕ್ಕಿತು. ಇಜಾಜ "ಯಮ್ಮಾ, ನನಗೇನ ಗೊತ್ತು, ಆಕೀನ್ನ ಕೇಳು" ಅಂದ. ನಿನ್ನನ್ನು ಕೇಳುವ ಮುಖ ನನಗಿರಲಿಲ್ಲ. ಚಿತ್ರ ಹಿಡಿದುಕೊಂಡು ಚಮನಸಾಬನ ವೆಲ್ಡಿಂಗ್ ಅಂಗಡಿಗೆ ಹೋಗಿ, ಇದರಂತೆಯೇ ಮಾಡಿಕೊಡು ಅಂದೆ.

ಅರ್ಧ ಕೊಯ್ದ ಬ್ಯಾರಲ್, ಅದಕ್ಕೆ ಕಬ್ಬಿಣದ ಎರಡು ತೋಳು. ಗಾಡಿ ನಿಂತಾಗ ಹೊರಗೆ ಎಳೆಯುವುದು, ಕೆಂಡ ಆರಿದ ಮೇಲೆ ಒಳಗೆ ತಳ್ಳುವುದು. ಜಾಲರಿಗೆ ಹೊಸ ಸರಳು ಯಾಕೆ ಅಂತ ಹಿತ್ತಲಲ್ಲಿದ್ದ ಹಳೆಯ ನಳದ ಪೈಪು ಒಯ್ದಿದ್ದೆ. ಚಮನಸಾಬ ಮುಟ್ಟಲಿಲ್ಲ. "ಭಾಭಿ, ಇದಕ್ಕ ಜಸ್ತದ ಲೇಪ ಐತ್ರಿ, ಕಾಯ್ದ್ರ ವಿಷದ ಹೊಗಿ ಬಿಡ್ತೈತಿ. ಇದನ್ನ ಬೆಸದ ದಿನ ನಾನು ಬೆಲ್ಲ ತಿಂದು ಹಾಲು ಕುಡಿತೇನಿ. ನಿಮ್ಮ ಗಿರಾಕಿಗೆಲ್ಲಾ ಹಾಲು ಕುಡಸ್ತೀರೇನು?" ಅಂದ. ಚಿತ್ರ ತಿರುಗಿಸಿ ನೋಡಿದರೆ ಮೂಲೆಯಲ್ಲಿ ನೀನೇ 'ನಳದ ಪೈಪು ಬೇಡ' ಅಂತ ಬರೆದಿದ್ದೀ. ಇದನ್ನೆಲ್ಲ ಎಲ್ಲಿ ಕಲಿತೆ? ನನಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು.

ನಿನ್ನೆ ಅಂಗಳದಲ್ಲಿ ಹಚ್ಚಿ ನೋಡಿದೆವು. ತೆನೆ ಹದವಾಗಿ ಸುಟ್ಟವು, ಗಾಡಿಯ ಬಣ್ಣಕ್ಕೆ ಏನೂ ಆಗಲಿಲ್ಲ. ಒಂದೇ ಒಂದು ತಿಳಿಯಲಿಲ್ಲ. ಒಲೆಯ ಎಡಕ್ಕೆ ಮಡಚುವ ಹಲಗೆ ಬರೆದು, ನೆಲದಿಂದ ಇಪ್ಪತ್ತೊಂದು ಇಂಚು ಅಂತ ಗುರುತು ಹಾಕಿದ್ದೀ. ತಟ್ಟೆ ಇಡಲು ಅದು ತೀರ ಕೆಳಗಾಯಿತು. ನೀರಿನ ಕ್ಯಾನಿಗೆ ಇರಬೇಕು ಅಂತ ಚಮನಸಾಬ, ಇದ್ದಿಲಿನ ಚೀಲಕ್ಕೆ ಅಂತ ಇಜಾಜ. ಅದಕ್ಕೆ ಅಷ್ಟು ಗಟ್ಟಿ ಕಾಲು ಯಾಕೆ? ಇರಲಿ, ನೀನು ಬರೆದಂತೆಯೇ ಮಾಡಿಸಿದ್ದೇನೆ.

ನಿನ್ನ ಅಮ್ಮಿ, ಅಬ್ಬಾನಿಗೆ ಸಲಾಂ ಹೇಳು. ಅಲ್ಲಾಹ್ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅತ್ತೆ,
ಸೈದಾಬಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇಷ್ಟು ಬರೆಯುತ್ತಿದ್ದೇನೆ. ಈಗ ಕೆಂಡಕ್ಕೆ ಗಾಳಿ ಹಾಕಲು ಆ ಹಲಗೆಯ ಮೇಲೆ ಕೂತಿದ್ದೆ. ಯಾರ ಕೈಯೂ ಹಿಡಿಯದೆ ಎದ್ದೆ. ಒಳಗೆ ಹೋಗಿ ಟೇಪು ಹಿಡಿದೆ. ನನ್ನ ಮಂಚವೂ ಇಪ್ಪತ್ತೊಂದೇ ಇಂಚು. ಅವತ್ತು ನೀನು ಮಂಚ ಅಳೆಯುವಾಗ "ಇದನ್ನೂ ಮಾರ್ತೀಯೇನ?" ಅಂತ ಕೇಳಿದ್ದೆ, ನೀನು ಟೇಪು ಸುತ್ತಿಕೊಂಡು ಹೊರಗೆ ಹೋದೆ. ಭಾನುವಾರ ಟಂಟಂ ತೆಗೆದುಕೊಂಡು ಸಿಂದಗಿಗೆ ಬರುತ್ತೇವೆ. ಹಲಗೆಯ ಜಾಗ ನನ್ನದು. ಒಲೆಯ ಮುಂದೆ ನಿಲ್ಲುವ ಜಾಗ ಇನ್ನೂ ಖಾಲಿ ಇದೆ.