ಹರಕೆ ನಿಂದು, ಕಾಲು ನಂದು

ಅಕ್ಕಾ,

ನೀನು ಏನೇ ಅನ್ನು, ನಾನು ಬೂಟು ಹಾಕ್ಕೊಂಡೇ ತಿರುಪತಿಗೆ ನಡೆಯೋದು. ಬರಿಗಾಲಲ್ಲಿ ಬರ್ತೀನಿ ಅಂತ ಹರಕೆ ಹೊತ್ತೋಳು ನೀನು, ಮಂಡಿನೋವು ಅಂತ ನನ್ನ ಕಳಿಸಿದೋಳೂ ನೀನೇ. ನಿನ್ನೆ ಅಭ್ಯಾಸಕ್ಕೆ ಅಂತ ಬಸವನಗುಡಿಯಿಂದ ಮಲ್ಲೇಶ್ವರಕ್ಕೆ ಮಟಮಟ ಮಧ್ಯಾಹ್ನ ಟಾರ್ ರೋಡಲ್ಲಿ ಬರಿಗಾಲಲ್ಲೇ ಬಂದೆ. ನಮ್ಮ ಗುಂಪು ಇಳಿದಿರೋ ಛತ್ರದೊಳಗೆ ನೋಡಿದ್ರೆ ನೆಲದ ತುಂಬ ಕೆಂಪು ಹೆಜ್ಜೆ! ಅಡುಗೆ ನರಸಮ್ಮ "ಮಹಾಲಕ್ಷ್ಮಿ ಬಂದ್ಲು" ಅಂತ ಕೈ ಮುಗಿದೇ ಬಿಟ್ರು. ಬಂದಿದ್ದು ನಾನು. ಅಂಗಾಲಿನ ಬೊಬ್ಬೆ ಒಡೆದು ರಕ್ತ ಸುರೀತಿತ್ತು, ಸಕ್ಕರೆ ಕಾಯಿಲೆ ಕಾಲಿಗೆ ಗೊತ್ತೇ ಆಗಿಲ್ಲ.

ಡಾಕ್ಟ್ರು "ಇನ್ನೊಂದ್ಸಲ ಹಿಂಗಾದ್ರೆ ಬೆರಳು ತೆಗೀಬೇಕಾಗುತ್ತೆ" ಅಂದ್ರು. ಗಾಯ ಮಾಗಲಿ, ಆಮೇಲೆ ದಪ್ಪ ಕಾಲುಚೀಲ, ಸಡಿಲ ಬೂಟು. ದಿನಾ ಸಂಜೆ ಬೆರಳಸಂದಿ ಒರೆಸಿ, ಕನ್ನಡೀಲಿ ಅಂಗಾಲು ನೋಡ್ಕೋತೀನಿ.

ನಮ್ಮ ಗುಂಪಿನ ಯಜಮಾನ ಶೀನಣ್ಣ "ಬೂಟು ಹಾಕಿದ್ರೆ ಹರಕೆ ಸಲ್ಲಲ್ಲ ಕಣಯ್ಯಾ, ಬಿಸಾಕ್ತೀನಿ" ಅಂದ.

"ತಿಮ್ಮಪ್ಪಂಗೆ ಮುಡಿ ಕೊಡ್ತೀನಿ, ಬೆರಳು ಕೊಡಲ್ಲ" ಅಂದೆ. ಬೂಟಿನ ಡಬ್ಬ ತೊಡೆ ಮೇಲಿಟ್ಕೊಂಡು, ಅದರ ಮೇಲೇ ಈ ಕಾರ್ಡ್ ಬರೀತಿದೀನಿ.

ಮಾತ್ರೆ ತಪ್ಪಿಸಿಲ್ಲ. ನರಸಮ್ಮ ಕರೀತಿದಾರೆ: "ಎಲೆ ಹಾಕಾಯ್ತು, ಆ ಬೂಟು ಹೊರಗೇ ಬಿಟ್ಟು ಬನ್ನಿ!"

ಊಟಕ್ಕಾದ್ರೆ ಬಿಡ್ತೀನಿ.

ನಿನ್ನ ತಮ್ಮ,
ಗೋವಿಂದರಾಜು